ಏಡಿ ಎಣಿಸಿದ ಟೀಚರ್

ದೀಪಾವಳಿ ಕಳೆದು ನಾಲ್ಕು ದಿನ. ಬೆಳಿಗ್ಗೆ ಏಳು ಗಂಟೆ, ಹೊಳೆಯ ನೀರು ಇಳಿಯುತ್ತಿತ್ತು. ಹಂಗಾರಕಟ್ಟೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದಲ್ಲಿ ಕೆಸರು ಆಗಷ್ಟೇ ಬಯಲಾಗಿತ್ತು. ಅಲ್ಲೊಬ್ಬರು ಹೆಂಗಸು ಸೀರೆ ಎತ್ತಿ ಕಟ್ಟಿ, ಪೈಪಿನ ಚೌಕಟ್ಟು ಇಟ್ಟು, ಏಡಿ ತೂತು ಎಣಿಸುತ್ತಿದ್ದರು.

"ಹ್ವಾಯ್, ಅಲ್ಲೇ ನಿಲ್ಲಿ! ಏಡಿ ಹೆದರ್ಸಬೇಡಿ," ಎಂದು ನನ್ನನ್ನೇ ಗದರಿದರು.

ಐವತ್ತು ವರ್ಷದಿಂದ ಅಲ್ಲೇ ಏಡಿ ಹಿಡಿಯುವವ ನಾನು, ಚಂದಯ್ಯ. ಸುಮ್ಮನೆ ನಿಂತೆ. ಆಮೇಲೆ ಗೊತ್ತಾಯಿತು, ಕೋಟದಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದ ಸ್ನೇಹಲತಾ ಟೀಚರ್. ಅವರ ಗಂಡ ತೀರಿ ಎಂಟು ವರ್ಷ, ನನ್ನವಳು ಹೋಗಿ ಹನ್ನೊಂದು.

ಊರಿನ ಚರಂಡಿ ಅಲ್ಲೇ ಹೊಳೆಗೆ ಬೀಳುತ್ತದೆ. ಅದರ ಪೈಪನ್ನು ಹೊಳೆ ನಡುವಿನ ಕುದ್ರುವಿನವರೆಗೆ ಎಳೆಯಬೇಕೆಂದು ಪಂಚಾಯ್ತಿಯವರಿಗೆ ಆಸೆ. ಹೊಳೆಗೆ ತೊಂದರೆಯಾದೀತೇ ಎಂದು ತಿಳಿಯಲು ಟೀಚರನ್ನು ಏಡಿ ಎಣಿಸಲು ಕೇಳಿದ್ದು.

"ಚರಂಡಿ ಬಾಯಲ್ಲೇ ಏಡಿ ಜಾಸ್ತಿ ಇವೆ. ತೊಂದರೆ ಇಲ್ಲ ಅಂತ ನಿನ್ನೆಯೇ ಬರೆದು ಕೊಟ್ಟೆ. ಇವತ್ತು ಇನ್ನೊಮ್ಮೆ ತಾಳೆ ನೋಡುವುದಷ್ಟೆ," ಎಂದರು.

"ತಪ್ಪು ಟೀಚರ್."

"ನೀವು ಎಷ್ಟು ಓದಿದ್ದು?"

"ಮೂರನೇ ಕ್ಲಾಸು. ತೂತು ಎಣಿಸಿರೆ ಆತಿಲ್ಲೆ. ಕೂತ್ಕಣಿ, ಅವು ಎಂತ ಮಾಡ್ತೊ ಕಾಣಿ."

ಮುಖ ಊದಿಸಿಕೊಂಡೇ ಕೂತರು. ಚರಂಡಿ ಬಾಯಿಯ ಏಡಿಗಳು ಹಸಿರು ಪಾಚಿಯನ್ನು ಅರ್ಧ ಗಂಟೆ ತಿಂದವು. ಹೊಟ್ಟೆ ತುಂಬಿತು. ಮತ್ತೆ ಗಂಡುಗಳೆಲ್ಲ ಒಂದು ದೊಡ್ಡ ಕೈ ಬೀಸುತ್ತ ನಿಂತುಬಿಟ್ಟವು.

"ಇದು ಎಂತಕ್ಕೆ ಬೀಸೂದು?" ಗೊತ್ತಿದ್ದೇ ಕೇಳಿದರು.

"ಹೆಣ್ಣನ್ನ ಕರೂಕೆ."

"ಹೊಟ್ಟೆ ತುಂಬಿದ ಗಂಡಸರಿಗೆ ಬೇರೆ ಕೆಲಸ ಇಲ್ಯಾ?"

"ನಾನಿನ್ನೂ ಗಂಜಿ ಉಂಡಿಲ್ಲೆ ಟೀಚರ್."

ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ನಗು ತಡೆಯಲು ತುಟಿ ಕಚ್ಚಿದ್ದು ನನಗೆ ಕಂಡಿತು.

ಮರುದಿನ ದೋಣಿಯಲ್ಲಿ ಕುದ್ರುವಿಗೆ ಕರೆದುಕೊಂಡು ಹೋದೆ. ಅಲ್ಲಿ ಏಡಿಗೆ ಊಟ ಸುಲಭವಲ್ಲ. ನೀರು ತಿರುಗಿ ಏರುವ ತನಕ ಕೆಸರು ಕೆದಕಬೇಕು. ಒಂದೊಂದು ತೂತಿನ ಸುತ್ತಲೂ ಅವು ಕೆದಕಿ ಬಿಟ್ಟ ಕಡಲೆಯಷ್ಟು ಕೆಸರುಂಡೆಗಳು. ಕೋಲು ಚುಚ್ಚಿ ತೋರಿಸಿದೆ, ಮೊಳದ ಆಳಕ್ಕೂ ಒಳ್ಳೆ ಮಣ್ಣು. ಚರಂಡಿ ಬಾಯಲ್ಲಾದರೆ ಬೆರಳಿನ ಆಳಕ್ಕೇ ಕಪ್ಪು, ಕೊಳೆತ ಮೊಟ್ಟೆಯ ನಾತ. ಕಾಂಡ್ಲಾದ ಹೊಸ ಸಸಿ ಒಂದೂ ನಿಂತಿಲ್ಲ.

"ಏಡಿ ಮಗಚಿದರೇ ಕೆಸರಿಗೆ ಗಾಳಿ. ಹೊಟ್ಟೆ ತುಂಬಿದವ ಗದ್ದೆ ಹೂಡೂದಿಲ್ಲೆ," ಎಂದೆ.

ಟೀಚರ್ ಕೋಲು ತೆಗೆದುಕೊಂಡು ತಾವೇ ಚುಚ್ಚಿ ನೋಡಿದರು. "ಕೊಟ್ಟ ಕಾಗದ ವಾಪಸು ತೆಗೀಬೇಕು," ಎಂದರು ಕೊನೆಗೆ.

ಎರಡು ತಿಂಗಳು ಎಣಿಸಿದೆವು. ನಾನು ಉಂಡೆ ಎಣಿಸುವುದು, ಅವರು ಬರೆಯುವುದು. ಕೆಲವು ಸಲ ಪೆನ್ನು ನಿಂತಿರುತ್ತಿತ್ತು, ಕಣ್ಣು ನನ್ನ ಮೇಲಿರುತ್ತಿತ್ತು. ನಾನು ಕಾಣದವನ ಹಾಗೆ ಅದೇ ಉಂಡೆಗಳನ್ನು ಇನ್ನೊಮ್ಮೆ ಎಣಿಸುತ್ತಿದ್ದೆ.

ಸಂಕ್ರಾಂತಿಗೆ ಮೊದಲು ಮೀಟಿಂಗ್. ಜನ ತುಂಬಿದ ಪಂಚಾಯ್ತಿ ಸಭಾಂಗಣದಲ್ಲಿ ಟೀಚರ್ ಎದ್ದು ನಿಂತರು.

"ನಾನು ಕೊಟ್ಟ ಮೊದಲ ಲೆಕ್ಕ ತಪ್ಪು. ತಿದ್ದಿದವರು ಚಂದಯ್ಯನವರು. ಮೂವತ್ತು ವರ್ಷ ಪಾಠ ಮಾಡಿದೆ. ನನಗೇ ಪಾಠ ಮಾಡಿದವರು ಇವರು."

ಎಲ್ಲರೂ ತಿರುಗಿ ನೋಡಿದರು. ನನ್ನ ಬೆನ್ನು ತಾನೇ ನೆಟ್ಟಗಾಯಿತು. ನನ್ನ ಬಗ್ಗೆ ಹೆಮ್ಮೆ ಅಲ್ಲ. ಊರೆದುರು ತಪ್ಪು ಒಪ್ಪಿಕೊಳ್ಳುವಷ್ಟು ದೊಡ್ಡವರು ನನ್ನೊಟ್ಟಿಗೆ ಕೆಸರಲ್ಲಿ ಕೂತಿದ್ದರಲ್ಲ, ಅದು. ಕುದ್ರುವಿಗೆ ಪೈಪು ಬೇಡವೆಂದಾಯಿತು. ಹಳೆ ಚರಂಡಿ ಈಗಲೂ ಹರಿಯುತ್ತಿದೆ, ಅದನ್ನೂ ಹೇಳಬೇಕು.

ಹೊರಗೆ ಟೀಚರ್ ಹೇಳಿದರು, "ಬೈಂದೂರು ಬದಿಯ ಹೊಳೆಗೂ ಎಣಿಸಲು ಕರೆದಿದ್ದಾರೆ. ಉಪ್ಪುಂದದಲ್ಲಿ ಮನೆ ನೋಡಿದ್ದೇನೆ. ನೀವೂ ಬನ್ನಿ."

"ಎಂತ ಆಯಿ ಬಪ್ಪುದು? ಕೂಲಿಗಾ?"

"ಗಂಡನಾಗಿ."

ನನ್ನ ಕಿವಿ ಬಿಸಿಯಾಯಿತು. "ನಾನೇ ಕೇಳುವ ಅಂತಿದ್ದೆ."

"ನಿಮ್ಮ ನಿಧಾನಕ್ಕೆ ಕಾದ್ರೆ ಮಳೆಗಾಲ ಬಪ್ದೇ ಸೈ, ಮಾರಾಯ್ರೆ!"

ಬ್ರಹ್ಮಾವರದಲ್ಲಿ ಮದುವೆ ರಿಜಿಸ್ಟರ್ ಆಯಿತು. ಹೆಬ್ಬೆಟ್ಟು ಒತ್ತಲಿಲ್ಲ, ಒಂದೊಂದೇ ಅಕ್ಷರವಾಗಿ ಸಹಿ ಹಾಕಿದೆ. ಶಿವರಾತ್ರಿ ಕಳೆದ ಬುಧವಾರ ಬೆಳಿಗ್ಗೆ ನಾವಿಬ್ಬರೂ ಹಂಗಾರಕಟ್ಟೆ ಬಿಟ್ಟು ಉಪ್ಪುಂದಕ್ಕೆ ಹೊರಟೆವು.