ಎಂಟು ದಿನ ಹಳೆಯ ಗೆರೆ

ಜುಲೈ 14, ಸೋಮವಾರ, ಬೆಳಿಗ್ಗೆ 9.10. ಕುದೊ ಕಿನುಯೊ ಠಾಣೆಯ ಮೇಜಿನ ಮೇಲೆ ಪುರಸಭೆಯ ಪ್ರಕಟಣೆಯನ್ನೂ ಸತ್ತ ಮಗಳು ಕಳಿಸಿದ್ದ ಫೋಟೋವನ್ನೂ ಇಟ್ಟಳು.

"ಓದಿ ಮೇಡಂ. 'ಗುರುತು ಬಿಟ್ಟು ನಡೆದ ಚಾರಣಿಗರ ಅಜಾಗರೂಕತೆ' ಅಂತೆ! ನನ್ನ ಚಿಸೆ ಊರೊಳಗಿನ ರಸ್ತೆ ದಾಟೋಕೂ ಎರಡು ಸಲ ನೋಡೋಳು."

ಇನ್‌ಸ್ಪೆಕ್ಟರ್ ಹತಾಕೆಯಾಮಾ ರಿತ್ಸು ಫೋಟೋ ನೋಡಿದಳು. ಶನಿವಾರ, 10.42. ಮಂಜು, ಬೇಸಿಗೆಗೂ ಕರಗದೆ ಉಳಿದ ಹಿಮ, ಅದರ ಮೇಲೆ ದಾರಿ ತೋರಿಸಲು ಕೆಂಪು ಪುಡಿಯಲ್ಲಿ ಎಳೆದ ಗೆರೆ, ಗೆರೆಯೊಳಗೆ ಚಿಸೆಯ ಬೂಟು. ಕೆಳಗೆ, 'ಅಮ್ಮ, ಗೆರೆ ಇದೆ, ಹೆದರಬೇಡ.' ಅದಾದ ಸ್ವಲ್ಪ ಹೊತ್ತಿಗೇ ಹಿಮ ಕುಸಿದು ಅವಳು ಅದರಡಿ ಹರಿಯುವ ಹಳ್ಳಕ್ಕೆ ಬಿದ್ದು ಸತ್ತಿದ್ದಳು.

"ಮಗಳಂತೂ ಬರಲ್ಲ. ಆ ಮಾತನ್ನಾದ್ರೂ ಅಳಿಸಿ."

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು.

ಮರುದಿನ ಬೆಳಿಗ್ಗೆ 7 ಗಂಟೆಗೆ ರಿತ್ಸು ಮತ್ತು ಕಾನ್‌ಸ್ಟೆಬಲ್ ತೊಗಾಶಿ, ಉಬಾಮೊರಿ ಎಂಬ ಬೆಟ್ಟದ ಬುಡದಲ್ಲಿದ್ದರು. ದಾರಿಯ ಸ್ಥಿತಿ ಬರೆಯುವ ಹಲಗೆಯ ಮೇಲೆ ಶನಿವಾರದ ಬರಹ ಹಾಗೇ ಇತ್ತು: 'ಬೆಳಿಗ್ಗೆ 6. ಹಿಮ ಗಟ್ಟಿಯಾಗಿದೆ. ಗೆರೆ ಈಗಷ್ಟೇ ಎಳೆದಿದೆ. ಕುವಾಬಾರಾ.' ಕುವಾಬಾರಾ ತೊಕುಜಿ ಪುರಸಭೆ ನೇಮಿಸಿದ ದಾರಿ ಕಾವಲುಗಾರ.

8.10ಕ್ಕೆ ಹಿಮ ಸಿಕ್ಕಿತು. ಗೆರೆ ನೇರ ಹೋಗಿ ಬಾಯ್ದೆರೆದ ಗುಂಡಿಯಲ್ಲಿ ಮುಗಿದಿತ್ತು. ಅಂಚಿನಲ್ಲಿ ಹಿಮದ ದಪ್ಪ ಒಂದು ಗೇಣೂ ಇರಲಿಲ್ಲ. ಪಂಚನಾಮೆ ಬರೆಯುತ್ತಿದ್ದ ತೊಗಾಶಿ ಫೋಟೋವನ್ನು ಮತ್ತೆ ಕೇಳಿ ತೆಗೆದುಕೊಂಡ. ಅವನದು ಬೆಟ್ಟದ ಮೇಲೆ ವಸತಿಗೃಹ ನಡೆಸಿದ ಮನೆತನ.

"ಮೇಡಂ, ಇಲ್ನೋಡಿ. ಬೂಟು ಲೇಸಿನ ತನಕ ಗೆರೆಯ ತಗ್ಗಿನೊಳಗೆ ಇಳಿದಿದೆ."

"ಅದಕ್ಕೇನು?"

"ಕೆಂಪು ಪುಡಿ ಬಿಸಿಲು ಹೀರ್ತದೆ, ಅಡಿಯ ಹಿಮ ಬೇಗ ಕರಗ್ತದೆ. ಬೆಳಿಗ್ಗೆ ಎಳೆದ ಗೆರೆ ಅಷ್ಟು ತಗ್ಗಾಗಲ್ಲ. ಇದಕ್ಕೆ ವಾರದ ಮೇಲಾಗಿತ್ತು."

ರಿತ್ಸುವಿನ ಮೈ ಉರಿಯಿತು. ದಾರಿ ಬಿಟ್ಟವಳಂತೆ! ಹೇಳಿದ ಕಡೆಯೇ ಹೆಜ್ಜೆಯಿಟ್ಟವಳ ಮೇಲೆ ಈ ಮಾತು!

ಸಂಜೆ 4.30. ಕುವಾಬಾರಾ ಮಂಡಿಗೆ ಪಟ್ಟಿ ಸುತ್ತಿಕೊಂಡು ಜಗುಲಿಯಲ್ಲಿ ಕೂತಿದ್ದ. ವಯಸ್ಸು ಅರವತ್ತೇಳು.

"ಶನಿವಾರ ಮೇಲೆ ಹೋಗಿದ್ರಾ?" ರಿತ್ಸು ಕೇಳಿದಳು.

"ಬರೆದಿದೀನಲ್ಲ."

"ಕೈ ತೋರ್ಸಿ."

ಉಗುರುಗಳು ಬೆಳ್ಳಗಿದ್ದವು, ಕೆಂಪು ಪುಡಿಯ ಕಲೆಯೇ ಇರಲಿಲ್ಲ.

"ತೊಳ್ಕೊಂಡೆ."

ತೊಗಾಶಿ ನಕ್ಕುಬಿಟ್ಟ. "ಅಜ್ಜ, ಯಾರಿಗೆ ಹೇಳ್ತೀರಿ? ಒಂದ್ಸಲ ಎಳೆದ್ರೆ ಆ ಕೆಂಪು ವಾರ ಆದ್ರೂ ಹೋಗಲ್ಲ. ಗೆರೆ ಎಳೀತಿದ್ದ ನಮ್ಮಪ್ಪನ ಉಗುರು ಆಗಸ್ಟ್ ಮುಗಿಯೋ ತನಕ ಕೆಂಪಗಿರೋದು. ಅಮ್ಮ ಅನ್ನದ ಪಾತ್ರೆ ಮುಟ್ಟೋಕೆ ಬಿಡ್ತಿರಲಿಲ್ಲ."

ಮುದುಕ ಕೈ ಮಡಿಲಿಗೆಳೆದುಕೊಂಡ. "ನಾಲ್ಕನೇ ತಾರೀಕು ಹೋಗಿದ್ದೇ ಕೊನೆ. ಇಳಿಯುವಾಗ ಮಂಡಿ ಹೋಯ್ತು."

"ಆಮೇಲೆ ಎಂಟು ದಿನ ಹಲಗೆ ಮೇಲೆ ಏನು ಬರೆದ್ರಿ?" ಎಂದಳು ರಿತ್ಸು.

"ಹೋದ ವರ್ಷ ಬರೆದಿದ್ದನ್ನೇ."

"ಒಬ್ಬರಿಗೂ ಹೇಳ್ಲಿಲ್ವಾ?"

"ಜೊತೆಗೊಬ್ಬರನ್ನ ಕೊಡಿ ಅಂತ ಚಳಿಗಾಲದಲ್ಲೇ ಪುರಸಭೆಯವ್ರನ್ನ ಕೇಳಿದ್ದೆ. 'ಆಗಲ್ಲ ಅಂದ್ರೆ ಬಿಟ್ಬಿಡಿ, ಬೇರೆಯವ್ರನ್ನ ನೋಡ್ತೀವಿ' ಅಂದ್ರು. ಮಂಡಿ ಹೋದ್ಮೇಲೆ ಬಾಯಿ ಬರಲಿಲ್ಲ. ಮೂವತ್ತೊಂದು ವರ್ಷದ ಗೆರೆ ತಾಯಿ ಅದು. ಬೇರೆಯವರು ಎಳೆಯೋದನ್ನ ಕೂತು ನೋಡಬೇಕಿತ್ತಾ?"

"ಈಗ ಕೂತು ಏನು ನೋಡ್ತಿದೀರಿ?" ರಿತ್ಸುವಿನ ದನಿ ಒಡೆಯಿತು. "ಹಲಗೆ ಮೇಲೆ 'ಗೊತ್ತಿಲ್ಲ' ಅಂತ ಒಂದು ಮಾತು ಬರೆದಿದ್ರೆ ಆ ಮಗು ಮನೆಗೆ ವಾಪಸ್ ಹೋಗಿರ್ತಿತ್ತು!"

5.05ಕ್ಕೆ ಬಂಧನ. ಪ್ರಕಟಣೆಗೆ ಸಹಿ ಹಾಕಿದ್ದ ಅಧಿಕಾರಿಗೂ ಅಂದೇ ನೋಟಿಸು ಹೋಯಿತು. ಬೆಟ್ಟವನ್ನು ಒಂದು ಸಲವೂ ಹತ್ತದೆ ಸತ್ತವಳ ಮೇಲೆ ತಪ್ಪು ಹೊರಿಸಿದ್ದು ಯಾವ ಆಧಾರದ ಮೇಲೆ ಎಂಬುದಕ್ಕೆ ಅವರು ಉತ್ತರ ಕೊಡಬೇಕಿತ್ತು.

ಠಾಣೆಯ ದಾರಿಯಲ್ಲಿ ಜೀಪು ಬೆಟ್ಟದ ಬುಡದಲ್ಲಿ ನಿಂತಿತು. ತೊಗಾಶಿ ಹಲಗೆ ಒರೆಸಿ 'ಹಿಮ ಟೊಳ್ಳು. ದಾಟಬೇಡಿ' ಎಂದು ಬರೆದ. ಜೀಪಿನೊಳಗಿನಿಂದ ನೋಡುತ್ತಿದ್ದ ಮುದುಕ ಮೆಲ್ಲಗೆ, "ಅಕ್ಷರ ಇನ್ನೂ ದಪ್ಪ ಬರಿಯಪ್ಪಾ. ಮಂಜಲ್ಲಿ ಕಾಣಲ್ಲ" ಎಂದ.

ಗುರುವಾರ ಹೊಸ ಪ್ರಕಟಣೆ ಬಂತು. ರಿತ್ಸು ಅದನ್ನು ತಾನೇ ಕಿನುಯೊಳ ಮನೆಗೆ ಒಯ್ದು ಓದಿದಳು: 'ಕುದೊ ಚಿಸೆ ಗುರುತಿನ ಮೇಲೆಯೇ ನಡೆದಿದ್ದರು.'

"ಇನ್ನೊಂದ್ಸಲ ಓದಿ," ಎಂದಳು ತಾಯಿ.