ನೋಡುವ ಕ್ಲಾಸು

"ಕೂಗಿದ್ರೆ ಚಾಕು ಒಳಗೆ ಹೋಗುತ್ತೆ," ಅಂದೆ.

ಹುಡುಗಿ ಕೂಗಲಿಲ್ಲ. ಜಾಣೆ.

ಮ್ಯೂಸಿಯಮ್ಮಿನ ಲ್ಯಾಬ್ ಬಾಗಿಲಲ್ಲೇ ಹಿಡಿದಿದ್ದೆ. ಚಾಕು ನನ್ನ ಕೋಟಿನ ತೋಳಿನೊಳಗೆ. ತುದಿ ಮಾತ್ರ ಅವಳ ಬೆನ್ನಿಗೆ.

ವಿಷಯ ಇಷ್ಟೇ, ಕೇಳಿ. ನಮ್ಮ ಧಣಿ ಒಂದು ಹಳೇ ಚಿತ್ರವನ್ನ ಪಾಠಕ್ಕಿರಲಿ ಅಂತ ಈ ಯೂನಿವರ್ಸಿಟಿ ಮ್ಯೂಸಿಯಮ್ಮಿಗೆ ಎರವಲು ಕೊಟ್ಟಿದ್ದ. ಇಲ್ಲಿಯವರು ಚಿತ್ರಾನ ಗೋಡೆಗೆ ತೂಗುಹಾಕಿ ಸುಮ್ಮನಿರೋರಲ್ಲ, ಓದೋ ಮಕ್ಕಳ ಕೈಗೇ ಕೊಡ್ತಾರೆ. ಈ ಕೆಮಿಸ್ಟ್ರಿ ಹುಡುಗಿ ಅಂಚಿನಿಂದ ಸಾಸಿವೆಯಷ್ಟು ಬಿಳಿ ಬಣ್ಣ ಕೆರೆದು ನೋಡಿದಳು. ಚಿತ್ರ ಇನ್ನೂರು ವರ್ಷದ್ದು ಅಂತ ಹೆಸರು, ಬಣ್ಣ ಮೊನ್ನೆ ಮೊನ್ನೆಯ ಫ್ಯಾಕ್ಟರಿಯದ್ದು...

ನಕಲಿ!

ಧಣಿ ತಕ್ಷಣ ಚಿತ್ರ ವಾಪಸ್ ತರಿಸಿಕೊಂಡ. ಗಿರಾಕಿ ಕಾದಿದ್ದಾನೆ. ನಕಲಿ ಅನ್ನೋದಕ್ಕೆ ಸಾಕ್ಷಿ ಅಂತ ಉಳಿದಿದ್ದು ಆ ಚೂರು ಬಣ್ಣ. ಅವಳ ಪಿಎಚ್‌ಡಿ ನಿಂತಿದ್ದೂ ಅದರ ಮೇಲೇ.

"ಎಲ್ಲಿದೆ?"

"ಆ ಕಡೆ... ಲಾಕರ್‌ನಲ್ಲಿ."

"ನಡಿ, ತಾಯಿ."

ದಾರಿ ದೊಡ್ಡ ಹಾಲ್ ಮೂಲಕ. ಕಾಲಿಟ್ಟಿದ್ದೇ ತಡ, ಕೊಸರಿಕೊಂಡು ಓಡಿದಳು. ಜನರ ಮಧ್ಯಕ್ಕೆ! ಬೆನ್ನಟ್ಟಿ ಹಿಡಿದೆ.

ಮೆಡಿಕಲ್ ಮಕ್ಕಳು. ಚಿತ್ರದ ಮುಂದೆ ಕೂತು, ರೋಗೀನ ಹೇಗೆ ನೋಡಬೇಕು ಅಂತ ಕಲೀತಿದ್ರು. ಎಲ್ಲರ ಕಣ್ಣೂ ನನ್ನ ಮೇಲೆ.

ನನ್ನ ಕತೆ ಮುಗೀತು ಅಂದ್ಕೊಂಡೆ.

ಪಾಠ ಮಾಡ್ತಿದ್ದ ಮೇಡಮ್ ನಕ್ಕರು. "ಓ, ರೋಗಿ ಪಾತ್ರ ಮಾಡೋ ನಟರು ಬಂದ್ರು. ಮ್ಯೂಸಿಯಮ್ಮಿನವರು ಇವತ್ತು ಬೇಗ ಕಳಿಸಿದಾರೆ. ಯಾರೂ ಏಳಬೇಡಿ. ಕಂಡದ್ದನ್ನ ಹೇಳಿ. ಅರ್ಥ ಹಚ್ಚಬೇಡಿ."

"ತುಟಿ ಬಿಳಿಚಿದೆ, ಮೇಡಮ್."

"ಉಸಿರು ಮೇಲ್ಮೇಲೆ."

"ಅವರ ಕೈ ಅವಳ ಬೆನ್ನ ಹಿಂದಿದೆ. ಅವಳು ಒಂಚೂರೂ ಹಿಂದಕ್ಕೆ ವಾಲ್ತಾ ಇಲ್ಲ."

"ಭೇಷ್."

ಹುಡುಗಿ ದನಿ ಒಡೀತು. "ನಾನು ನಟಿ ಅಲ್ಲ... ಇವನ ಹತ್ರ ಚಾಕು ಇದೆ."

"ರೋಗಿ ಏನೇನೋ ಹೇಳ್ತಾನೆ," ಅಂದ್ರು ಮೇಡಮ್. "ಮಾತು ಬಿಡಿ, ಮೈ ನೋಡಿ."

ನಾನು ತುದಿ ಸ್ವಲ್ಪ ಒತ್ತಿದೆ.

"ಕಣ್ಣಲ್ಲಿ ನೀರು," ಅಂದ ಒಬ್ಬ. "ಈಗಷ್ಟೇ ಶುರುವಾಯ್ತು."

ಚಪ್ಪಾಳೆ ತಟ್ಟಿ ಕಳಿಸಿಕೊಟ್ಟರು.

ಲಾಕರ್ ಕೋಣೆ. ಬೆರಳುದ್ದದ ಗಾಜಿನ ಸೀಸೆ, ಒಳಗೆ ಆ ಚೂರು. ನೆಲದ ಮೇಲಿಟ್ಟೆ.

"ನೀನೇ ತುಳಿ."

"ಬೇಡ ಅಣ್ಣಾ... ನನಗೆ ಇರೋದು ಇದೊಂದೇ."

"ಅದಕ್ಕೇ."

ತುಳಿದಳು. ಪುಡಿಯನ್ನೂ ಅವಳಿಂದಲೇ ಊದಿಸಿದೆ. ಆಮೇಲೆ ಅವಳ ಬಾಯಿ ಮುಚ್ಚೋದೊಂದೇ ಬಾಕಿ ಇತ್ತು. ಅದನ್ನೂ ಮುಗಿಸಿ ಬಾಗಿಲು ಎಳ್ಕೊಂಡೆ.

ಕಾರಿಡಾರಿನಲ್ಲಿ ಮೇಡಮ್ ಕಾಯ್ತಿದ್ರು. "ಎಷ್ಟು ಸಹಜವಾಗಿ ಮಾಡಿದ್ರಿ ಸಾರ್. ಮುಂದಿನ ವಾರವೂ ಬರ್ತೀರಾ?"

"ಬರ್ತೀನಿ ಮೇಡಮ್. ಹುಡುಗಿ ಮಾತ್ರ ಬೇರೆಯವಳನ್ನ ನೋಡ್ಕೊಳ್ಳಿ."