ಸಮುದ್ರ ಕಾಣದ ತಗಡು

ಗೋಜೆ ದ್ವೀಪದ ಹಡಗುಕಟ್ಟೆಯಲ್ಲಿ, ಹಡಗಿಗೆ ಹಚ್ಚಿದ ಬಣ್ಣವನ್ನೇ ಬಳಿದ ಮಾದರಿ ತಗಡನ್ನು ಉಪ್ಪುನೀರಿನ ಜಾಡಿಯಲ್ಲಿಟ್ಟು ವಿದ್ಯುತ್ ಹಾಯಿಸುವುದು ನನ್ನ ಕೆಲಸ. ಬಣ್ಣದ ಪದರ ಹಾಳಾಗಿದ್ದರೆ ವಿದ್ಯುತ್ ನುಸುಳಿ ಪರದೆಯ ಗೆರೆ ಏರುತ್ತದೆ. ಕ್ಯಾಪ್ಟನ್ ಪ್ಯೋ ಅವರ ಹಡಗಿನ ತಗಡಿಗೆ ಗೆರೆ ಏರಿತ್ತು. ಹಡಗು ತಡವಾಗಬಾರದೆಂದು ನಾನು ಅದರ ಬದಲು ಇಲ್ಲೇ ಬಳಿದ ಹೊಸ ತಗಡನ್ನಿಟ್ಟು ಪಾಸು ಮಾಡಿದೆ.

"ನೀನು ಒಪ್ಪಿದ್ರೆ ಸಾಕಮ್ಮ, ಕಣ್ಮುಚ್ಚಿ ಹೊರಡ್ತೀನಿ" ಎಂದು ಅವರು ಹೊರಟರು.

ಮೊನ್ನೆ ಮಧ್ಯಾಹ್ನ ಸಹಾಯಕಿ ಸೊಲ್ಬಿ ಕೂಗಿದಳು: "ಅಕ್ಕಾ, ನಿಮ್ಮ ಹೊಸ ತಗಡಿನ ಗೆರೆ ಅಲೆ ಥರ ಏರಿಳೀತಿದೆ!"

"ತಂತಿ ಕಿತ್ತುಹಾಕೇ."

"ಆಗ್ಲೇ ಕಿತ್ತಿದೀನಿ ಅಕ್ಕಾ."

ಜಾಡಿ ಮುಟ್ಟಿದರೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು, ಡೀಸೆಲ್ ವಾಸನೆ ಬರುತ್ತಿತ್ತು. ಉಪ್ಪುನೀರು ನಾನೇ ಬೆರೆಸಿದ್ದು. ತಗಡು ಸಮುದ್ರ ಕಂಡಿದ್ದೇ ಇಲ್ಲ. ಆದರೂ ಅದಕ್ಕೆ ಕಚ್ಚಿಕೊಂಡ ಹಡಗಿನ ತಳಕ್ಕೆ ಅಂಟುವಂಥ ಪುಟ್ಟ ಜೀವಂತ ಚಿಪ್ಪೊಂದು ಬಾಯಿ ತೆರೆದು ಮುಚ್ಚುತ್ತಿತ್ತು.

ಮೊನ್ನೆಯಿಂದ ಪ್ಯೋ ಅವರ ಹಡಗು ರೇಡಿಯೊ ಕರೆಗೆ ಓಗೊಟ್ಟಿಲ್ಲ. ಚಿಪ್ಪು ಇನ್ನೂ ಬದುಕಿದೆ.